ತಣ್ಣನೆಯ ಮ್ಯಾಗ್ನೆಟ್

ಜೂನ್ 4

ಅಕ್ಕಾ,

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದ ಎಂದು ಭಾವನ ಹತ್ತಿರ ಗೊಣಗುತ್ತಿರುತ್ತೀಯ, ಗೊತ್ತು. ಫೋನಿನಲ್ಲಾದರೆ ಮೂರನೆಯ ಮಾತಿಗೇ “ಪರೀಕ್ಷೆಗೆ ಕಟ್ಟಿದ್ಯಾ?” ಎಂದು ಶುರುಮಾಡುತ್ತೀಯ. ಕಾಗದವಾದರೆ ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ಓದಲೇಬೇಕು. ಪರೀಕ್ಷೆಗೆ ಕಟ್ಟಿಲ್ಲ. ಕಟ್ಟುವುದೂ ಇಲ್ಲ. ಈಗ ಮುಂದೆ ಓದು.

ರೂಮು ಸಿಕ್ಕಿದೆ. ಬಟ್ಟೆ ಹೊಲಿಯುವ ಟೈಲರಮ್ಮನ ಮನೆಯ ಮಹಡಿ. ಗೋಡೆಗಳು ರಟ್ಟಿನಷ್ಟು ತೆಳು. ಪಕ್ಕದವರು ಸೀನಿದರೆ ನಾನು ಕರ್ಚೀಫು ಹುಡುಕಿಕೊಳ್ಳುತ್ತೇನೆ. ಇಂಥ ಕಡೆ ಅಪ್ಪನ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ಆ ಹಳೆಯ ಆಂಪ್, ತಂದಿಟ್ಟುಕೊಂಡಿದ್ದೇನೆ.

ಅದರ ಬುದ್ಧಿ ನಿನಗೆ ಗೊತ್ತಲ್ಲ. ಗಾಜಿನ ವಾಲ್ವುಗಳು ಕೆಂಪಗೆ ಕಾಯಬೇಕು, ವಾಲ್ಯೂಮ್ ಎಂಟು ದಾಟಬೇಕು, ಆಗಲೇ ಗಿಟಾರಿನ ದನಿ ಬಿರಿದು ಬಾಯಿ ಬಿಡುವುದು. ಎರಡರಲ್ಲೋ ಮೂರರಲ್ಲೋ ಇಟ್ಟರೆ ನೆಗಡಿಯಾದವರು ಮಾತಾಡಿದ ಹಾಗಿರುತ್ತದೆ. ಎಂಟಕ್ಕೆ ಇಟ್ಟರೆ ಬೀದಿಯೇ ಬಾಗಿಲಿಗೆ ಬರುತ್ತದೆ. ಮೊದಲನೆಯ ದಿನವೇ ಟೈಲರಮ್ಮ ಮೆಟ್ಟಿಲು ಹತ್ತಿ ಬಂದರು, ಬಾಯಲ್ಲಿ ಇನ್ನೂ ಎರಡು ಗುಂಡುಸೂಜಿ ಕಚ್ಚಿಕೊಂಡೇ. “ನೋಡಪ್ಪಾ, ಇನ್ನೊಂದ್ ಸಲ ಹೀಗೆ ಗುಡುಗಿದ್ರೆ ನಿನ್ನ ಪೆಟ್ಟಿಗೆ, ನೀನು, ಇಬ್ರೂ ಬೀದೀಲಿ. ಸೂಜಿ ಬಟ್ಟೆ ಬಿಟ್ಟು ಬೆರಳು ಹೊಲೀತು ಇವತ್ತು!”

ದಾರಿ ತೋರಿಸಿದ್ದು ಗೋಂದಣ್ಣ. ನಾನು ಕೆಲಸಕ್ಕಿರುವ ಸ್ಪೀಕರ್ ರಿಪೇರಿ ಅಂಗಡಿಯ ಯಜಮಾನರು. ಒಡೆದ ಸ್ಪೀಕರುಗಳಿಗೆ ಹೊಸ ಕಾಗದದ ಕೋನ್ ಅಂಟಿಸಿ ಅಂಟಿಸಿ ಅವರ ಬೆರಳಿನ ಗೋಂದು ಬಿಟ್ಟ ದಿನವೇ ಇಲ್ಲ, ಅದಕ್ಕೇ ಆ ಹೆಸರು. “ಆಂಪನ್ನ ಯಾಕೆ ಕಟ್ಟಿ ಹಾಕ್ತೀಯ? ಅದು ಕಿರುಚ್ಕೊಳ್ಳಲಿ. ಸ್ಪೀಕರನ್ನ ಸೋಮಾರಿ ಮಾಡು” ಎಂದರು.

ಹಾಗೇ ಮಾಡಿದೆ. ಅಪ್ಪನ ಹಳೆಯ ಸ್ಪೀಕರ್ ಬಿಚ್ಚಿದೆ. ಹೌದು, ಅದೇ. ವರ್ಷಗಟ್ಟಲೆ ಹೋಟೆಲುಗಳಲ್ಲಿ, ಸಭಾಂಗಣಗಳಲ್ಲಿ ಅವರು ಬಾರಿಸುತ್ತಾ ಕಿವಿ ಕೊಟ್ಟು ನಿಂತದ್ದು ಅದರ ಪಕ್ಕದಲ್ಲೇ. ಅದರ ಮ್ಯಾಗ್ನೆಟ್ಟನ್ನು ಕಾಯಿಸಿ, ಸುತ್ತಿಗೆಯಿಂದ ಬಡಿದು ಶಕ್ತಿ ಇಳಿಸಿದೆ. ಕೋನ್ ಭಾರವಾಗಲಿ ಎಂದು ಅದರ ಬೆನ್ನಿಗೆ ಉಣ್ಣೆಬಟ್ಟೆ ಅಂಟಿಸಿದೆ. ಸುಳ್ಳು ಯಾಕೆ ಹೇಳಲಿ, ಉಣ್ಣೆಬಟ್ಟೆ ಅಂದರೆ ಅಪ್ಪನ ಕಂದು ಮಫ್ಲರ್. ಪೆಟ್ಟಿಗೆಯೊಳಗೇ ಸಿಕ್ಕಿತು, ಕತ್ತರಿಸಿದೆ.

ಈಗ ವಾಲ್ಯೂಮ್ ಒಂಬತ್ತರಲ್ಲಿಡುತ್ತೇನೆ. ವಾಲ್ವುಗಳು ಕುಲುಮೆಯ ಹಾಗೆ ಉರಿಯುತ್ತವೆ, ದನಿ ಪೂರ್ತಿ ಬಿರಿಯುತ್ತದೆ, ಆದರೆ ಕೋಣೆಯಲ್ಲಿ ಕೇಳುವುದು ಇಬ್ಬರು ಮಾತಾಡಿಕೊಂಡಷ್ಟೇ. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿದಾಗ ಬಂದು ಬಾರಿಸುತ್ತೇನೆ. ಟೈಲರಮ್ಮನಿಗೆ ಖುಷಿ. “ಬಾರಿಸ್ತೀಯೋ ಇಲ್ವೋ ಗೊತ್ತೇ ಆಗಲ್ಲ” ಎಂದರು. ಎರಡು ಮೆಟ್ಟಿಲು ಇಳಿದವರು ತಿರುಗಿ, “ಆದ್ರೆ ಮಧ್ಯಾಹ್ನ ನೀನು ಮೇಲಿದ್ದಾಗ ನನ್ನ ಗೋಡೆ ಗಡಿಯಾರದ ಟಿಕ್ ಟಿಕ್ಕೂ ಕೇಳ್ಸಲ್ಲ ಕಣಪ್ಪ. ನಿಂತಿರಲ್ಲ. ಓಡ್ತಾನೇ ಇರುತ್ತೆ” ಎಂದರು.

ನನಗೊಂದು ಪ್ರಶ್ನೆ ಬಂತು. ಆಂಪ್ ಅಷ್ಟು ಕೂಗುತ್ತದೆ, ಸ್ಪೀಕರ್ ಇಷ್ಟೇ ಹೇಳುತ್ತದೆ. ಮಿಕ್ಕ ಸದ್ದು ಎಲ್ಲಿಗೆ ಹೋಗುತ್ತದೆ? ಗೋಂದಣ್ಣ ನಕ್ಕರು. “ಎಲ್ಲಿಗೂ ಹೋಗಲ್ಲ, ಬಿಸಿ ಆಗುತ್ತೆ. ಬಾರಿಸಿದ ಮೇಲೆ ಮ್ಯಾಗ್ನೆಟ್ ಮೇಲೆ ಕೈ ಇಡು, ಮೊಟ್ಟೆ ಬೇಯಿಸ್ಬಹುದು.” ಕೈ ಇಟ್ಟೆ. ತಣ್ಣಗಿತ್ತು. ಬಾರಿಸುವುದಕ್ಕೆ ಮೊದಲು ಇದ್ದದ್ದಕ್ಕಿಂತ ತಣ್ಣಗೆ.

ಅಪ್ಪ ಹೇಗಿದ್ದಾರೆ? ಅವಸರದ ಸುದ್ದಿಯಿದ್ದರೆ ಮಾತ್ರ ಟೈಲರಮ್ಮನ ಫೋನಿಗೆ ಮಾಡು, ನಂಬರು ಹಿಂಬದಿಯಲ್ಲಿದೆ.

ನಿನ್ನ ತಮ್ಮ,
ಗೌಜು


ಜೂನ್ 12

ಲೋ ಗೌಜು,

ಅಪ್ಪನ ಮಫ್ಲರ್ ಕತ್ತರಿಸಿದೆಯಾ? ಅದಕ್ಕೋಸ್ಕರ ಇಲ್ಲಿ ಎರಡು ಟ್ರಂಕು ಬುಡಮೇಲು ಮಾಡಿದ್ದೇನೆ. ಕಿವಿ ಹೋಗುತ್ತಿರುವುದು ಯಾರಿಗೂ ತಿಳಿಯಬಾರದೆಂದು ಬೇಸಿಗೆಯಲ್ಲೂ ಸುತ್ತಿಕೊಂಡಿರುತ್ತಿದ್ದರಲ್ಲ, ಆ ಮಫ್ಲರ್. “ಏನಂದೆ? ಮಫ್ಲರ್ ಇತ್ತು, ಕೇಳಿಸ್ಲಿಲ್ಲ.” ಈಗಲೂ ಎಡಗೈಯಲ್ಲಿ ಕತ್ತು ತಡವಿಕೊಂಡು ಹುಡುಕುತ್ತಾರೆ. ನೀನು ಅದಕ್ಕೆ ಗೋಂದು ಬಳಿದೆ. ಭೇಷ್.

ಪಾರ್ಶ್ವವಾಯು ಬಡಿದ ಬಲಭಾಗ ಹಾಗೇ ಇದೆ. ಮಾತೂ ಬಂದಿಲ್ಲ. ಬೆಳಗಿಂದ ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲಿ ಊರವರ ಕಿವಿಯೆಲ್ಲ ಪರೀಕ್ಷೆ ಮಾಡುವವಳು ನಾನು, ಮನೆಯದೇ ಎರಡು ಕಿವಿ ಬಿಡುತ್ತೇನೆಯೇ? ಹೋದ ವಾರ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿ ಮತ್ತೆ ನೋಡಿದೆ. ಯಂತ್ರದ ಕೊನೆಯ ಗುರುತಿಗೆ ಏರಿಸಿದೆ. ಬೇರೆಯವರಾದರೆ ಹೆಡ್‌ಫೋನ್ ಕಿತ್ತೆಸೆಯುತ್ತಿದ್ದರು. ಅಪ್ಪ ಕಿಟಕಿಯಾಚೆ ಯಾರದೋ ಸೈಕಲ್ ನೋಡುತ್ತಿದ್ದರು.

ಹೊಸದೊಂದು ಇದೆ. ಈಚೆಗೆ ಮಧ್ಯಾಹ್ನಗಳಲ್ಲಿ ಅವರ ಎಡಗೈ ಬೆರಳುಗಳು ಹೊದಿಕೆಯ ಮೇಲೆ ಆಡುತ್ತವೆ. ನಡುಕವಲ್ಲ. ಒತ್ತುತ್ತವೆ, ಬಿಡುತ್ತವೆ, ಜಾರಿ ಮತ್ತೆ ಒತ್ತುತ್ತವೆ. ಏನೋ ನರದ ಸೆಳೆತ ಎಂದರು ಡಾಕ್ಟರು. ಅದೇ ಹೊತ್ತಿಗೆ ಮೈ ಬೆಚ್ಚಗಾಗುತ್ತದೆ, ಸಂಜೆಗೆ ಇಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ.

ನಿನ್ನ ಭಾವ ಕಾಗದ ಓದಿ “ಇವನಿಗೆ ಬೇರೆ ಕೆಲಸ ಇಲ್ವಾ?” ಎಂದರು. “ಇದೆಯಲ್ಲ, ಸ್ಪೀಕರನ್ನ ಸೋಮಾರಿ ಮಾಡೋ ಕೆಲಸ. ಮಾಡೋನೇ ಸೋಮಾರಿ, ಬೇಗ ಕಲಿತ” ಎಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಜೂನ್ 18

ಅಕ್ಕಾ,

ಯಾವ ಬೆರಳು ಎಲ್ಲಿ ಒತ್ತುತ್ತದೆ? ಅದನ್ನು ಬರೆಯದೆ ಸೈಕಲ್ ಬಗ್ಗೆ ಬರೆದಿದ್ದೀಯ! ನನಗಿಂತ ಮೊದಲು ಅಪ್ಪನ ಹತ್ತಿರ ಗಿಟಾರಿನ ತಂತಿಗಳ ಮೇಲೆ ಬೆರಳಿಡುವ ಹಿಡಿತಗಳನ್ನು ಕಲಿತವಳು ನೀನು. ಮರೆತಿದ್ದೇನೆ ಎನ್ನಬೇಡ.

ಒಂದು ಹೇಳಬೇಕು. ನಾನು ಗಿಟಾರ್ ಹಿಡಿಯುವ ಹೊತ್ತಿಗೆ ಅಪ್ಪನ ಕಿವಿ ಮುಗಿದಿತ್ತು. ಶಾಲೆ ಬಿಟ್ಟ ದಿನ ಅವರೆದುರು ಕೂತು ಬಾರಿಸಿದೆ, ಇದೇ ನನ್ನ ಪರೀಕ್ಷೆ ಎಂದುಕೊಂಡು. ನೀನು ಅಡುಗೆಮನೆಯಲ್ಲಿದ್ದೆ. ಅವರು ಕೊನೆಯವರೆಗೂ ನನ್ನ ಕೈ ನೋಡಿದರು. ಆಮೇಲೆ, “ಬೆರಳು ಸರಿಯಾಗೇ ಹೋಗ್ತಿದೆ. ಆದ್ರೆ ನನಗೇನೂ ಕೇಳಿಸ್ತಿಲ್ವಲ್ಲೋ, ಹೇಗೆ ಪಾಸ್ ಮಾಡ್ಲಿ?” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ನಾನು ಪಾಸೂ ಅಲ್ಲ, ಫೇಲೂ ಅಲ್ಲ.

ನಾನು ಬಾರಿಸುವುದೂ ಮಧ್ಯಾಹ್ನ, ಅವರ ಬೆರಳಾಡುವುದೂ ಮಧ್ಯಾಹ್ನ. ಅದಕ್ಕೇ ಈ ಕೆಲಸ ಮಾಡೋಣ. ಮುಂದಿನ ಶನಿವಾರ, ಭಾನುವಾರ, ಸೋಮವಾರ ಮಧ್ಯಾಹ್ನ ನಾನೇನು ಬಾರಿಸುತ್ತೇನೆಂದು ನಿನಗೆ ಹೇಳುವುದಿಲ್ಲ. ನೀನು ಅಪ್ಪನ ಪಕ್ಕ ಕೂತು ಅವರ ಕೈ ಏನು ಮಾಡಿತೆಂದು ಬರೆ. ಸೋಮವಾರ ಸಂಜೆ ಇಬ್ಬರೂ ಅಂಚೆಗೆ ಹಾಕೋಣ. ಎರಡು ಕಾಗದವೂ ದಾರಿಯಲ್ಲಿ ಎದುರುಬದುರಾಗಿ ಹೋಗಲಿ. ಆಗ ನಾನು ಸೇರಿಸಿದೆ ಎಂದು ನೀನೂ, ನೀನು ಸೇರಿಸಿದೆ ಎಂದು ನಾನೂ ಹೇಳುವ ಹಾಗಿಲ್ಲ.

ಹುಚ್ಚು ಎಂದುಕೋ. ಆದರೂ ಮಾಡು.

ಗೌಜು


ಜೂನ್ 29, ಸೋಮವಾರ

ಅಕ್ಕಾ,

ಶನಿವಾರ: ಅಪ್ಪ ಹೋಟೆಲಿನಲ್ಲಿ ಯಾವಾಗಲೂ ಮೊದಲು ಬಾರಿಸುತ್ತಿದ್ದ ಆ ನಿಧಾನದ ಟ್ಯೂನ್. ವಾಲ್ಯೂಮ್ ಎಂಟು.

ಭಾನುವಾರ: ಬೇಕೆಂದೇ ಬಾರಿಸಲಿಲ್ಲ. ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಕೆಳಗಿನ ಗಡಿಯಾರ ನನಗೇ ಕೇಳಿಸುತ್ತಿತ್ತು.

ಸೋಮವಾರ: ನಾನೇ ಕಟ್ಟಿದ್ದು. ಯಾರೂ ಕೇಳಿಲ್ಲ, ನೀನೂ. ನಡುವೆ ಒಂದು ಕಡೆ ಕಿರುಬೆರಳನ್ನು ತುದಿಯ ತಂತಿಯವರೆಗೆ ಎಳೆಯಬೇಕು. ಕೈ ನೋಯುತ್ತದೆ, ಬೇರೆ ಯಾರೂ ಹಾಗೆ ಹಿಡಿಯುವುದಿಲ್ಲ. ವಾಲ್ಯೂಮ್ ಹತ್ತು. ಮುಗಿಸಿ ಮ್ಯಾಗ್ನೆಟ್ ಮುಟ್ಟಿದೆ. ತಣ್ಣಗಿತ್ತು ಅಂದರೆ ಸಾಲದು, ಅದರ ಮೇಲೆ ನೀರಿನ ಹನಿಗಳು ನಿಂತಿದ್ದವು.

ಗೌಜು


ಜೂನ್ 29, ಸೋಮವಾರ

ಗೌಜು,

ನೀನು ಕೇಳಿದಂತೆ, ನೋಡಿದ್ದಷ್ಟನ್ನೇ ಬರೆಯುತ್ತೇನೆ.

ಶನಿವಾರ ಅಪ್ಪ ಹೋಟೆಲಿನ ಟ್ಯೂನ್ ಬಾರಿಸಿದರು. ಬಾರಿಸಿದರು ಎಂದೇ ಬರೆಯುತ್ತಿದ್ದೇನೆ, ಬೇರೆ ಮಾತು ಸಿಗುತ್ತಿಲ್ಲ. ಎರಡನೆಯ ಸಲಕ್ಕೆ ನಾನೂ ಜೊತೆಗೆ ಗುನುಗುತ್ತಿದ್ದೆ. ಜ್ವರ ನೂರು.

ಭಾನುವಾರ ಕೈ ಅಲುಗಲಿಲ್ಲ. ಜ್ವರವೂ ಇಲ್ಲ. ಅಲ್ಲಿ ನೀನು ಬಾರಿಸುತ್ತಿರುತ್ತೀಯ, ಇಲ್ಲಿ ಏನೂ ಇಲ್ಲ, ನನ್ನ ತಮ್ಮ ಪೆದ್ದ, ಸದ್ಯ, ಎಂದು ಸಮಾಧಾನವಾಯಿತು.

ಇವತ್ತಿನದು ಗೊತ್ತಿಲ್ಲದ ಟ್ಯೂನ್. ಸುತ್ತಿ ಸುತ್ತಿ ಅದೇ ಬರುತ್ತಿತ್ತು. ನಡುವೆ ಪ್ರತಿ ಸಲವೂ ಕಿರುಬೆರಳು ದೂರಕ್ಕೆ ಚಾಚಿತು. ಎರಡು ಸಲ ಸಿಗಲಿಲ್ಲ. ಮೂರನೆಯ ಸಲ ಸಿಕ್ಕಿತು. ಆಗ ಅಪ್ಪ ನಕ್ಕರು ಕಣೋ. ಅರ್ಧ ಬಾಯಿಯಲ್ಲೇ, ಆದರೆ ನಕ್ಕರು.

ಜ್ವರ ನೂರಾ ಮೂರು. ಸಂಜೆಯವರೆಗೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದೇನೆ. ಹಾಕಿದ ಬಟ್ಟೆ ಹಾಕಿದ ಹಾಗೇ ಒಣಗುತ್ತಿತ್ತು.

ಅಕ್ಕ


ಜುಲೈ 5

ಗೌಜು,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೇ ಒಡೆದು ಓದಿದೆ. ಆಮೇಲೆ ಅಲ್ಲೇ ಕೂತೆ. ನಿನ್ನ ಭಾವ ಬಂದು ಏನಾಯಿತು ಎಂದರು. ಕಾಲು ನೋವು ಎಂದೆ.

ಇನ್ನು ಬಾರಿಸಬೇಡ. ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ಇದು ಹೇಗೆ ಆಗುತ್ತದೆಂದು ನನಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಹೇಳಿದರೆ ನನ್ನನ್ನೇ ಮೊದಲು ಪರೀಕ್ಷೆ ಮಾಡುತ್ತಾರೆ. ನನಗೆ ಗೊತ್ತಿರುವುದು ಇಷ್ಟೇ: ನಿನ್ನ ಮ್ಯಾಗ್ನೆಟ್ ತಣ್ಣಗಿದೆ, ಅಪ್ಪನ ಮೈ ಸುಡುತ್ತಿದೆ. ಇನ್ನೊಂದು ಸಲ ಅಂಥ ಜ್ವರ ಬಂದರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ.

ಅವರಿಗೆ ಕೇಳಿಸಿತು ಎಂದು ನಿನಗೆ ಎಷ್ಟು ಸಂತೋಷವಾಗಿರುತ್ತದೆಂದು ನನಗೆ ಗೊತ್ತು. ಅದಕ್ಕೇ ಹೆದರಿಕೆ.

ಅಕ್ಕ


ಜುಲೈ 11

ಅಕ್ಕಾ,

ನಿನ್ನ ಕಾಗದ ಓದಿದ ಮೇಲೂ ಒಂದು ಸಲ ಬಾರಿಸಿದೆ. ಗುರುವಾರ. ನಿನಗೆ ಗೊತ್ತಾಗಿಯೇ ಇರುತ್ತದೆ, ಆದರೂ ನಾನೇ ಹೇಳಬೇಕು. ಸಿಟ್ಟಿನಲ್ಲಿ ಬಾರಿಸಿದೆ. ನಿನ್ನ ಮೇಲಲ್ಲ, ಯಾರ ಮೇಲೆಂದು ಗೊತ್ತಿಲ್ಲ. ಮೂರನೆಯ ಸಾಲಿಗೆ ನಿಲ್ಲಿಸಿದೆ. ನಿಲ್ಲಿಸಿದಾಗ ಸ್ಪೀಕರಿನ ಕೋನ್ ಮಾತ್ರ ನಿಲ್ಲಲಿಲ್ಲ. ಮುಂದಿನ ಸಾಲಿಗೆ ಕಾಯುವವರ ಎದೆಯ ಹಾಗೆ ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ. ಬೆರಳಿಟ್ಟು ಹಿಡಿದೆ. ಬೆರಳ ಕೆಳಗೂ ಆಡುತ್ತಿತ್ತು.

ಗೋಂದಣ್ಣನಿಗೆ ಹೇಳಿದೆ. ಮೊದಲು ತಮಾಷೆ ಮಾಡಿದರು. ಬಂದು ಮ್ಯಾಗ್ನೆಟ್ ಮುಟ್ಟಿದ ಮೇಲೆ ಮಾಡಲಿಲ್ಲ. “ಸುಟ್ಟಾಕು” ಎಂದರು. “ಅದರಲ್ಲಿ ಅಪ್ಪನ ಮಫ್ಲರ್ ಇದೆ” ಎಂದೆ. “ಹಾಗಾದ್ರೆ ಮುಟ್ಟಬೇಡ” ಎಂದು ಚಹಾನೂ ಕುಡಿಯದೆ ಇಳಿದು ಹೋದರು.

ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಆದ್ದರಿಂದ ಆಂಪಿನ ಫ್ಯೂಸ್ ತೆಗೆದು ಈ ಕವರಿನಲ್ಲಿ ಇಟ್ಟಿದ್ದೇನೆ. ಹತ್ತಿಯಲ್ಲಿ ಸುತ್ತಿರುವ ಸಣ್ಣ ಗಾಜಿನ ಕೊಳವೆ. ಇಂಥ ಹಳೆಯ ಅಳತೆಯದು ಈ ಊರಿನ ಅಂಗಡಿಗಳಲ್ಲಿ ಸಿಗುವುದಿಲ್ಲ, ವಿಚಾರಿಸಿದ್ದೇನೆ. ಅದೂ ನಿಜ ಹೇಳಬೇಕಲ್ಲ, ವಿಚಾರಿಸಿದ್ದೇನೆ.

ಇನ್ನು ನಿನ್ನ ಕೈಯಲ್ಲಿದೆ.

ಗೌಜು


ಆಗಸ್ಟ್ 22

ಗೌಜು,

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದು ಹೇಳಬಹುದು. ಆದರೆ ನಿನ್ನ ಜೊತೆ ಸುಳ್ಳು ನಡೆಯುವುದಿಲ್ಲ.

ಆ ಗುರುವಾರದ ನಂತರ ಜ್ವರ ಬಿಟ್ಟಿದೆ. ಡಾಕ್ಟರು ನನ್ನ ಬೆನ್ನು ತಟ್ಟಿದರು. ಅಪ್ಪನ ಮೈ ಈಗ ತಣ್ಣಗಿದೆ. ದಿನದಿಂದ ದಿನಕ್ಕೆ ತಣ್ಣಗೆ. ಎರಡು ಹೊದಿಕೆ ಹೊದಿಸಿದರೂ ಕಾಲು ಬೆಚ್ಚಗಾಗುವುದಿಲ್ಲ. ಊಟ ಬಾಯಿಗಿಟ್ಟರೆ ಹಾಗೇ ಹಿಡಿದುಕೊಂಡಿರುತ್ತಾರೆ. ಮಧ್ಯಾಹ್ನವಾದರೆ ಎಡಗೈ ಹೊದಿಕೆಯಿಂದ ಹೊರಗೆ ತೆಗೆದು, ನಾಲ್ಕು ಬೆರಳನ್ನೂ ಮೊದಲ ಹಿಡಿತಕ್ಕೆ ಇಟ್ಟುಕೊಂಡು ಕಾಯುತ್ತಾರೆ. ಸಂಜೆಯಾದರೂ ಹಾಗೇ ಇರುತ್ತದೆ ಕೈ. ನಾನೇ ಒಂದೊಂದಾಗಿ ಬೆರಳು ಬಿಡಿಸಿ ಒಳಗೆ ಇಡುತ್ತೇನೆ.

ನಿನ್ನೆ ಹಾಗೆ ಬಿಡಿಸುವಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿದು, ಬಲಕ್ಕೆ ತಿರುಗಿಸಿದರು. ನೋವಾಯಿತು. ನೀರು ಬೇಕೇ, ಮಗ್ಗುಲು ಬದಲಿಸಲೇ ಎಂದು ಸನ್ನೆ ಮಾಡಿದೆ. ಅಲ್ಲ ಎಂದು ಕಣ್ಣು ಮುಚ್ಚಿದರು. ಮತ್ತೆ ತಿರುಗಿಸಿದರು, ಇನ್ನು ತಿರುಗದು ಎನ್ನುವವರೆಗೆ. ಆಗ ಗೊತ್ತಾಯಿತು. ಚಿಕ್ಕವಳಿದ್ದಾಗ ಅವರ ಆಂಪಿನ ವಾಲ್ಯೂಮ್ ತಿರುಗಿಸುವ ಕೆಲಸ ನನ್ನದಾಗಿತ್ತು. “ಇನ್ನೂ, ಇನ್ನೂ, ಹೆದರ್ಬೇಡ” ಎನ್ನುತ್ತಿದ್ದರು.

ಫ್ಯೂಸ್ ತಂದು ಅವರ ಅಂಗೈಯಲ್ಲಿಟ್ಟೆ. ತುಂಬ ಹೊತ್ತು ಮುಷ್ಟಿ ಕಟ್ಟಿ ಹಿಡಿದಿದ್ದರು. ಆಮೇಲೆ ನನ್ನ ಕೈಗೆ ಹಾಕಿ, ಕೈಯನ್ನು ಬಾಗಿಲ ಕಡೆಗೆ ನೂಕಿದರು.

ಇದು ಅವರ ಇಷ್ಟ, ನಾನೇನೂ ಮಾಡಲಿಲ್ಲ ಎಂದು ನಾಳೆ ಹೇಳುವುದಿಲ್ಲ. ಫ್ಯೂಸ್ ಕಳಿಸುತ್ತಿರುವವಳು ನಾನು. ನಿನ್ನ ಭಾವನಿಗೂ ಹೇಳಿದೆ. ಅವರು ಬೈಯಲಿಲ್ಲ, ಕವರಿಗೆ ಅಂಟು ಹಚ್ಚಿಕೊಟ್ಟರು.

ಮೂವತ್ತನೆಯ ತಾರೀಖು ಭಾನುವಾರ. ಮಧ್ಯಾಹ್ನ, ಯಾವಾಗಲೂ ಬಾರಿಸುವ ಹೊತ್ತಿಗೆ. ನಿನ್ನದೇ ಟ್ಯೂನ್. ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಅಕ್ಕ


ಆಗಸ್ಟ್ 30, ಭಾನುವಾರ

ಅಕ್ಕಾ,

ಗಿಟಾರ್ ಇನ್ನೂ ಕತ್ತಿನಲ್ಲೇ ಇದೆ. ಹಾಗೇ ಬರೆಯುತ್ತಿದ್ದೇನೆ.

ಫ್ಯೂಸ್ ಹಾಕಿದೆ. ವಾಲ್ವುಗಳು ಕೆಂಪಾಗುವವರೆಗೆ ಕೈ ಒರೆಸಿಕೊಳ್ಳುತ್ತಾ ಕೂತೆ. ಗುಂಡಿಯನ್ನು ಹತ್ತಕ್ಕೆ ತಿರುಗಿಸಿದೆ. ಶುರುಮಾಡುವ ಮೊದಲೇ ಕೆಳಗಿನ ಗಡಿಯಾರದ ಸದ್ದು ಅಡಗಿತು. ಪಕ್ಕದ ಮನೆಯವರ ಮಾತು, ಬೀದಿಯ ನಾಯಿ, ನನ್ನ ಉಸಿರು ಕೂಡ. ಯಾರೋ ಇಡೀ ಬೀದಿಯ ಮೇಲೆ ದಪ್ಪ ಉಣ್ಣೆ ಹೊದಿಸಿದ ಹಾಗೆ. ಬಾರಿಸಿದೆ.

ಇಷ್ಟು ಚೆನ್ನಾಗಿ ಯಾವತ್ತೂ ಬಾರಿಸಿಲ್ಲ. ಜಂಬವಲ್ಲ, ನಿಜ. ಬೆರಳಿಗೆ ಮುಂದಿನ ಜಾಗ ನನಗಿಂತ ಮೊದಲೇ ಗೊತ್ತಿತ್ತು. ಕಿರುಬೆರಳು ಚಾಚುವ ಕಡೆ ನೋಯಲೇ ಇಲ್ಲ, ಯಾರೋ ಹಿಡಿದು ಅಲ್ಲಿಗೆ ಮುಟ್ಟಿಸಿದ ಹಾಗಿತ್ತು. ಒಂದು ಸುತ್ತು ಮುಗಿದು ಎರಡನೆಯದು ಶುರುವಾಯಿತು. ಎಡಗಾಲಿನ ಹೆಬ್ಬೆರಳನ್ನು ಮ್ಯಾಗ್ನೆಟ್ಟಿಗೆ ಒತ್ತಿಕೊಂಡೇ ಬಾರಿಸುತ್ತಿದ್ದೆ. ಮಂಜುಗಡ್ಡೆಯಂತಿತ್ತು.

ಆಮೇಲೆ ಗಡಿಯಾರ ಕೇಳಿಸಿತು.

ಮೊದಲು ಅದು. ಆಮೇಲೆ ನಾಯಿ. ಹೆಬ್ಬೆರಳಿಗೆ ಬೆಚ್ಚಗಾಯಿತು, ನೋಡನೋಡುತ್ತಿದ್ದಂತೆ ಬಿಸಿ, ಕೊನೆಗೆ ಕಾಲು ಎಳೆದುಕೊಂಡೆ. ಕೋಣೆಯೆಲ್ಲ ಸುಟ್ಟ ಉಣ್ಣೆಯ ವಾಸನೆ. ಗೋಂದಣ್ಣ ಹೇಳಿದ್ದ ಬಿಸಿ ಇವತ್ತು ಮೊದಲ ಸಲ ನನ್ನ ಕೋಣೆಯಲ್ಲೇ ಉಳಿಯಿತು. ಅದನ್ನು ತೆಗೆದುಕೊಳ್ಳುವವರು ಅಲ್ಲಿ ಇನ್ನು ಯಾರೂ ಇಲ್ಲ ಎಂದು ತಿಳಿಯಿತು. ತಿಳಿದೂ ನಿಲ್ಲಿಸಲಿಲ್ಲ. ಆ ಸುತ್ತನ್ನು ಮುಗಿಸಿಯೇ ಎದ್ದೆ. ಅರ್ಧಕ್ಕೆ ನಿಲ್ಲಿಸಿದರೆ ಅಪ್ಪನಿಗೆ ಆಗುತ್ತಿರಲಿಲ್ಲ.

ಕೆಳಗೆ ಫೋನು ಬಡಿದುಕೊಳ್ಳುತ್ತಿದೆ. ಟೈಲರಮ್ಮ ಎತ್ತಿದರು. “ಏ ಹುಡುಗಾ, ನಿಮ್ಮಕ್ಕ ಕಣಪ್ಪ, ಬೇಗ ಬಾ!” ಎಂದು ಕೂಗುತ್ತಿದ್ದಾರೆ.

ಇಳಿದು ಬರುತ್ತೇನೆ. ಏನಾಯಿತೆಂದು ನೀನು ಹೇಳಬೇಕಾಗಿಲ್ಲ. ಅಳುವುದಿದ್ದರೆ ಅಳು, ನಾನು ಫೋನ್ ಹಿಡಿದುಕೊಂಡಿರುತ್ತೇನೆ. ಆಮೇಲೆ ಒಂದೇ ಒಂದು ಕೇಳುತ್ತೇನೆ, ನೋಡಿದ್ದಷ್ಟನ್ನೇ ಹೇಳು: ಕೊನೆಗೆ ಅಪ್ಪನ ಕೈ ಯಾವ ಹಿಡಿತದಲ್ಲಿ ನಿಂತಿತು?

ಗಡಿಯಾರ ಕೇಳಿಸಿದಾಗ ನನ್ನ ಬೆರಳು ಎಲ್ಲಿತ್ತು ಎಂದು ಇದರಲ್ಲಿ ಬರೆದಿಲ್ಲ. ಮೊದಲು ನೀನು ಹೇಳು.

ಗೌಜು